ಕಂಡಕ್ಟರಮ್ಮನ ಬುಟ್ಟಿ

ಕಂಡಕ್ಟರಮ್ಮನಿಗೆ ಸಿಟ್ಟು ಬಂದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಖುಷಿಯಾದರೆ ಪಕ್ಕದ ಬೀದಿಗೂ ಗೊತ್ತಾಗುತ್ತಿತ್ತು. ಅಂಥ ಗಂಟಲು ಅದು. ಆ ಗಂಟಲನ್ನೇ ನೆಚ್ಚಿಕೊಂಡು ಅರ್ಧ ಆಯಸ್ಸು ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವಳು ಅವಳು. ಕುಡಿದು ತೂರಾಡುವವರನ್ನು ಬರೀ ಕಣ್ಣಲ್ಲೇ ಕೆಳಗಿಳಿಸಿದ್ದಳು. ಬಸುರಿ ಹೆಂಗಸು ನಿಂತಿದ್ದರೂ ಸೀಟು ಬಿಡದೆ ಕಿಟಕಿ ಕಡೆ ಮುಖ ಮಾಡಿ ಕೂತ ಗಂಡಸನ್ನು, "ಏನಪ್ಪಾ, ನಿನಗೆಷ್ಟು ತಿಂಗಳು?" ಅಂತ ಬಸ್ಸಿಗೆ ಬಸ್ಸೇ ಕೇಳುವ ಹಾಗೆ ವಿಚಾರಿಸಿ ಎಬ್ಬಿಸಿದ್ದಳು. ನೂಕುನುಗ್ಗಲು, ಬೆವರು, ಜಗಳ, ನಗು, ಯಾರದೋ ಮಗುವನ್ನು ಯಾರದೋ ತೊಡೆಗೆ ದಾಟಿಸುವುದು, ಇದೆಲ್ಲ ಅವಳಿಗೆ ಊಟ ಇದ್ದ ಹಾಗೆ. ನಿವೃತ್ತಿಯ ದಿನ ಡಿಪೋದವರು ಹಾರ ಹಾಕಿ, "ಇನ್ನು ಆರಾಮಾಗಿ ಮನೇಲಿರಿ" ಅಂದಾಗ ಅವಳಿಗೆ ಅದು ಶಾಪದ ಹಾಗೆ ಕೇಳಿಸಿತು.

ಶಾಪವೇ ಆಯಿತು ಅನ್ನಿ. ಜೀವಮಾನವೆಲ್ಲ ನಿಂತೇ ದುಡಿದ ಮಂಡಿಗಳು ಈಗ ಸೇಡು ತೀರಿಸಿಕೊಂಡವು. ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಮೆಟ್ಟಿಲೋ, ಇಬ್ಬರು ಎದುರುಬದುರಾದರೆ ಒಬ್ಬರು ಉಸಿರು ಬಿಗಿಹಿಡಿದು ಗೋಡೆಗೆ ಒರಗಬೇಕು, ಅಷ್ಟು ಇಕ್ಕಟ್ಟು. ಹೋದ ವರ್ಷ ಅರ್ಧ ದಾರಿಯಲ್ಲಿ ಮಂಡಿ ಹಿಡಿದುಕೊಂಡು, ಇಳಿಯಲೂ ಆಗದೆ ಹತ್ತಲೂ ಆಗದೆ ಮೆಟ್ಟಿಲ ಮೇಲೇ ಕೂತುಬಿಟ್ಟಿದ್ದಳು. ಅವತ್ತಿನಿಂದ ಮಗಳು ಅಪ್ಪಣೆ ಹೊರಡಿಸಿದಳು: "ಅಮ್ಮಾ, ಇನ್ಮೇಲೆ ನೀನು ಒಬ್ಬಳೇ ಕೆಳಗೆ ಇಳಿಯೋ ಹಾಗಿಲ್ಲ." ಮಗಳು ಆಸ್ಪತ್ರೆಯಲ್ಲಿ ನರ್ಸು. ರೋಗಿಗಳ ಹತ್ತಿರ ಬೆಣ್ಣೆಯಂಥ ಮಾತು, ಅಮ್ಮನ ಹತ್ತಿರ ಮಾತ್ರ ಪೊಲೀಸು. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು.

ಆಮೇಲೆ ಕಂಡಕ್ಟರಮ್ಮನ ಪ್ರಪಂಚ ಅಂದರೆ ಬಾಗಿಲಿಗೆ ಬರುವವರಷ್ಟೇ. ಹಾಲಿನವನು, ತರಕಾರಿಯವಳು, ಮಾತ್ರೆ ತರುವ ಅಂಗಡಿಯ ಹುಡುಗ. ಬಂದವರನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. "ನಿನ್ನ ಸೈಕಲ್ ರಿಪೇರಿ ಆಯ್ತಾ? ಅಣ್ಣನ ಜೊತೆ ಮಾತು ಶುರುವಾಯ್ತಾ? ಆ ಟೊಮೆಟೊ ಯಾಕೆ ಹಾಗೆ ಮುಖ ಊದಿಸಿಕೊಂಡಿದೆ?" ಅವರೂ ಬಾಗಿಲ ಚೌಕಟ್ಟಿಗೆ ಒರಗಿ, ನೀರು ಕುಡಿದು, ನಕ್ಕು ಇಳಿದು ಹೋಗುತ್ತಿದ್ದರು. ಉಳಿದ ಹೊತ್ತೆಲ್ಲ ಅವಳು ಬಾಲ್ಕನಿಯ ಕುರ್ಚಿಯಲ್ಲಿ ಕೂತು ಕೆಳಗಿನ ಬೀದಿ ನೋಡುತ್ತಿದ್ದಳು. ಎದುರಿಗೇ ಟೈಲರ್ ಅಂಗಡಿ. ಬಾಗಿಲಲ್ಲಿ ಒಂದು ಸ್ಟೂಲು. ಬೀದಿಯಲ್ಲಿ ಹೋಗುವವರು ಬರುವವರು ಒಂದು ಗಳಿಗೆ ಆ ಸ್ಟೂಲಿನ ಮೇಲೆ ಕೂತು ಹರಟೆ ಹೊಡೆದು ಹೋಗುವರು. ಅಲ್ಲೊಂದು ಸಲ ತಾನೂ ಕೂರಬೇಕು ಅನ್ನುವ ಆಸೆ ಕಂಡಕ್ಟರಮ್ಮನಿಗೆ ಎಷ್ಟಿತ್ತೆಂದರೆ, ಯಾರಾದರೂ ಅದರ ಮೇಲಿಂದ ಎದ್ದರೆ ಅವಳ ಜೀವ ಚುರುಕ್ ಅನ್ನುತ್ತಿತ್ತು. ನಾಲ್ಕು ಮಾರು ದೂರ. ಆದರೇನು, ಮಧ್ಯೆ ಆ ಹಾಳು ಮೆಟ್ಟಿಲು.

ಹೀಗಿರುವಾಗ ಒಂದು ಸಂಜೆ ಟೈಲರನ ಮಗಳು ಇಬ್ಬರು ಸಹಪಾಠಿಗಳನ್ನು ಕಟ್ಟಿಕೊಂಡು ಮೇಲೆ ಬಂದಳು. ಒಬ್ಬನಿಗೆ ಸ್ಕ್ರೂ ಅಂತ ಹೆಸರು ಬಿದ್ದಿತ್ತು, ಯಾವಾಗಲೂ ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡೇ ಓಡಾಡುವವನು. ಇನ್ನೊಬ್ಬ ಮೌನಿ. ಹೆಸರೇ ಹೇಳುತ್ತದಲ್ಲ, ಬಾಯಿ ಬಿಟ್ಟರೆ ಸುಂಕ ಕಟ್ಟಬೇಕೇನೋ ಅನ್ನುವಂತಿದ್ದ.

"ಅಜ್ಜಿ, ನಮ್ಮ ಶಾಲೆಯಲ್ಲಿ ಒಂದು ಯೋಜನೆ ಮಾಡ್ಬೇಕು," ಅಂದಳು ಟೈಲರನ ಮಗಳು. "ನಮ್ಮ ಸುತ್ತಮುತ್ತ ಇರೋರ ಒಂದು ಸಮಸ್ಯೆ ಹುಡುಕಿ, ಅದಕ್ಕೆ ನಾವೇ ಪರಿಹಾರ ಕಂಡುಹಿಡೀಬೇಕು. ನಿಮ್ಮ ಸಮಸ್ಯೆ ಏನು?"

"ನನ್ನ ಮಗಳು," ಅಂದಳು ಕಂಡಕ್ಟರಮ್ಮ ತಡವರಿಸದೆ.

"ಅಯ್ಯೋ, ಹಾಗಲ್ಲ ಅಜ್ಜಿ! ನಿಜವಾದ ಸಮಸ್ಯೆ."

"ಮತ್ತೇನು, ಮಂಡಿ. ಮೆಟ್ಟಿಲು. ಒಂದು ನಿಂಬೆಹಣ್ಣು ಬೇಕಾದರೂ ಯಾರಾದರೂ ಹತ್ತಿ ಬರಬೇಕು."

ಮೂವರೂ ಮುಖ ಮುಖ ನೋಡಿಕೊಂಡರು. ಸ್ಕ್ರೂವಿನ ಕಣ್ಣು ಆಗಲೇ ಬಾಲ್ಕನಿಯ ಕಂಬಿಯ ಮೇಲಿತ್ತು.

ಆ ವಾರವೆಲ್ಲ ಮನೆ ಛತ್ರದಂತೆ ಗಿಜಿಗುಟ್ಟಿತು. ಅಳತೆ ತೆಗೆಯುವುದೇನು, ಕೊರೆಯುವುದೇನು, ಒಬ್ಬರ ಮೇಲೊಬ್ಬರು ಕಿರುಚುವುದೇನು! ಕಂಡಕ್ಟರಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮಕ್ಕಳಿಗೆ ಬ್ರೆಡ್ಡಿಗೆ ಜಾಮು ಸವರಿ ಸವರಿ ಕೊಟ್ಟಳು. ಬಸ್ಸಿನ ಕತೆ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದಳು. ಕೊನೆಗೆ ಬಾಲ್ಕನಿಯಲ್ಲಿ ಒಂದು ರಾಟೆ ಕೂತಿತು, ರಾಟೆಗೆ ಹಗ್ಗ, ಹಗ್ಗದ ತುದಿಗೆ ಚಂದದ ಬೆತ್ತದ ಬುಟ್ಟಿ. ಬುಟ್ಟಿಯಲ್ಲೊಂದು ಗಂಟೆ. ಹಾಲಿನವನು ಕೆಳಗೆ ಬುಟ್ಟಿಗೆ ಹಾಲಿಟ್ಟು ಗಂಟೆ ಬಾರಿಸಿದರೆ ಸಾಕು, ಕಂಡಕ್ಟರಮ್ಮ ಕುರ್ಚಿಯಿಂದ ಏಳದೆ ಕೈಹಿಡಿ ತಿರುಗಿಸಿ ಮೇಲೆಳೆದುಕೊಳ್ಳಬಹುದು. ಯೋಜನೆಗೆ ಟೈಲರನ ಮಗಳು 'ಮೆಟ್ಟಿಲಿಲ್ಲದ ಬದುಕು' ಅಂತ ಹೆಸರಿಟ್ಟಳು. ದೊಡ್ಡ ಹಾಳೆಯ ಮೇಲೆ ಬಣ್ಣದ ಚಿತ್ರ ಬರೆದರು. ಅವರ ಮೇಷ್ಟ್ರು ಬಂದು ನೋಡಿ, "ಹೇಗಿದೆ ಅಮ್ಮಾ?" ಅಂದಾಗ ಕಂಡಕ್ಟರಮ್ಮ ಬೀದಿಗೆಲ್ಲ ಕೇಳುವಂತೆ "ಭೇಷ್!" ಅಂದಳು. ಮಕ್ಕಳ ಮುಖ ಊರಗಲ ಆಯಿತು.

ಬುಟ್ಟಿ ಕೆಲಸ ಮಾಡಿತು. ಅದೇ ಬಂದ ಗ್ರಹಚಾರ. ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಮೇಲೆ ಹತ್ತಿ ಬರುವ ದರ್ದು ಯಾರಿಗೂ ಉಳಿಯಲಿಲ್ಲ. ಹಾಲಿನವನು ಗಂಟೆ ಬಾರಿಸಿ, ಕೈಬೀಸಿ, ಸೈಕಲ್ ಏರಿ ಹೋದ. ತರಕಾರಿಯವಳು, "ನಿಮ್ಮ ಬುಟ್ಟಿಯಿಂದ ನನ್ನ ಸೊಂಟ ಉಳೀತು ಕಂಡಕ್ಟರಮ್ಮಾ!" ಅಂತ ಕೆಳಗಿನಿಂದಲೇ ಕೂಗಿ ಹೋದಳು. ಮಾತ್ರೆಯ ಹುಡುಗ ಮುಖ ಕೂಡ ಎತ್ತಲಿಲ್ಲ. ಮಕ್ಕಳೂ ಕೆಲಸ ಮುಗಿಯಿತಲ್ಲ ಅಂತ ಪರೀಕ್ಷೆಗೆ ಓದಲು ಹೋದರು. ಕಂಡಕ್ಟರಮ್ಮ ಇಡೀ ದಿನ ಗಡಿಯಾರದ ಟಿಕ್ ಟಿಕ್ ಕೇಳುತ್ತಾ ಕೂತಳು. ಒಂದು ಮಧ್ಯಾಹ್ನ ತಾನು ಟೊಮೆಟೊ ಜೊತೆ ಮಾತಾಡುತ್ತಿದ್ದೇನೆ ಅನ್ನುವುದು ಗೊತ್ತಾಗಿ ಅವಳಿಗೆ ನಿಜಕ್ಕೂ ಅಳು ಬಂತು. ಬೇಡ ಅನ್ನೋಣವೆಂದರೆ ಹೇಗೆ? ಕೂಸುಗಳು ಬೆರಳು ಜಜ್ಜಿಕೊಂಡು ಮಾಡಿದ್ದು. ಬಾಯ್ತುಂಬ ಭೇಷ್ ಅಂದ ಬಾಯಲ್ಲೇ ಈಗ ಥೂ ಅನ್ನುವುದೆ?

ಅಷ್ಟರಲ್ಲಿ ಬುಟ್ಟಿಯ ಹಗ್ಗದ ಗಂಟು ಕಳಚಿಕೊಂಡಿತು.

"ಏ ಸ್ಕ್ರೂ! ಬುಟ್ಟಿ ಕೆಟ್ಟೋಯ್ತು ಕಣೋ!" ಅವಳ ಕೂಗಿಗೆ ಎದುರಿನ ಪಾರಿವಾಳಗಳೆಲ್ಲ ಹಾರಿದವು. ಸ್ಕ್ರೂ ಓಡೋಡಿ ಬಂದ, ಗಂಟು ಬಿಗಿದ, ಬ್ರೆಡ್ಡು ತಿಂದ, ಕತೆ ಕೇಳಿದ, ಹೋದ. ಎರಡು ದಿನಕ್ಕೆ ಗಂಟು ಮತ್ತೆ ಸಡಿಲ. ಅವನು ತಂತಿ ಸುತ್ತಿ ಹೋದ. ತಂತಿಯೂ ಬಿಚ್ಚಿತು. ಕೊಕ್ಕೆ ಹಾಕಿದ. ಕೊಕ್ಕೆಯೂ ಉದುರಿತು. ರಾಟೆಯ ಸ್ಕ್ರೂಗಳೇ ಒಂದೊಂದಾಗಿ ಸಡಿಲವಾಗತೊಡಗಿದಾಗ ಪಾಪ ಆ ಹುಡುಗನ ಮುಖ ನೋಡುವ ಹಾಗಿರಲಿಲ್ಲ. ಹೆಸರೇ ಸ್ಕ್ರೂ, ಅವನು ಹಾಕಿದ ಸ್ಕ್ರೂವೇ ನಿಲ್ಲದಿದ್ದರೆ! ಟೈಲರನ ಮಗಳೂ ದಿನಾ ಹತ್ತಿ ಬಂದು ತಲೆ ಕೆರೆದುಕೊಂಡಳು. ಮನೆ ಮತ್ತೆ ತುಂಬಿತು, ಕಂಡಕ್ಟರಮ್ಮ ಮಾತ್ರ ಸ್ಕ್ರೂವಿನ ಮುಖ ನೋಡದೆ ಅವನ ಬ್ರೆಡ್ಡಿಗೆ ಇನ್ನಷ್ಟು ಜಾಮು ಸವರಿದಳು.

ಆ ದಿನ ಮೌನಿಯೂ ಬಂದಿದ್ದ. ಬಂದವನು ರಾಟೆಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದ. ಒಂದು ಸ್ಕ್ರೂವಿನ ತಲೆಯನ್ನು ಬೆರಳಲ್ಲಿ ಸವರಿದ. ಬೆರಳನ್ನು ನೆಕ್ಕಿದ.

"ಜಾಮು," ಅಂದ.

ಅವನ ಬಾಯಿಂದ ಆ ಮನೆಯಲ್ಲಿ ಹೊರಬಿದ್ದ ಮೊದಲ ಮಾತು ಅದು. ಎಲ್ಲರೂ ಅವನ ಕಡೆ ತಿರುಗಿದರು. ಕಂಡಕ್ಟರಮ್ಮ ಮಾತ್ರ ಅಡುಗೆಮನೆಯ ಕಡೆ ತಿರುಗಿ, ಬ್ರೆಡ್ಡಿಗೆ ಜಾಮು ಸವರುವ ಚಾಕು ಎಲ್ಲಿದೆ ಅಂತ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಥೇಟ್ ಹಾಗೆ. ಟೈಲರನ ಮಗಳು ಅವಳ ಕಣ್ಣು ಹೋದ ದಾರಿಯಲ್ಲೇ ಹೋಗಿ ಚಾಕು ಎತ್ತಿಕೊಂಡು ಬಂದಳು. ಅದರ ತುದಿ ಸೊಟ್ಟಗಾಗಿತ್ತು.

"ಅಜ್ಜಿ... ನೀವೇನಾ ಬಿಚ್ತಾ ಇದ್ದಿದ್ದು?"

ಬಸ್ಸಿನಲ್ಲಿ ಟಿಕೆಟ್ ಇಲ್ಲದವರನ್ನು ಹಿಡಿದೂ ಹಿಡಿದೂ, ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈಗ ಆ ಮುಖ ತನ್ನದೇ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಹೂಂ ಕಣೇ ಪುಟ್ಟಿ, ನಾನೇ. ಏನ್ಮಾಡ್ಲಿ? ಬುಟ್ಟಿ ಬಂದ್ಮೇಲೆ ಬುಟ್ಟಿ ಮಾತ್ರ ಬರುತ್ತೆ. ಮನುಷ್ಯರು ಬರಲ್ಲ. ನಂಗೆ ನಿಂಬೆಹಣ್ಣು ಬೇಕಾಗಿರ್ಲಿಲ್ಲ ಮಕ್ಕಳಾ, ನಿಂಬೆಹಣ್ಣು ತರೋರು ಬೇಕಾಗಿತ್ತು."

ಟೈಲರನ ಮಗಳ ಮೂಗಿನ ತುದಿ ಕೆಂಪಾಯಿತು. "ಮೊದಲೇ ಹೇಳ್ಬಾರ್ದಿತ್ತಾ? ಮೇಷ್ಟ್ರ ಮುಂದೆ ಭೇಷ್ ಅಂದ್ರಲ್ಲ! ನಾವು ಚಿತ್ರ ಬರೆದು ಶಾಲೆ ಗೋಡೆಗೆ ಅಂಟಿಸಿಬಿಟ್ಟಿದೀವಿ!" ಅಂದವಳು ಮೊಣಕಾಲ ಮೇಲೆ ಮುಖವಿಟ್ಟು ಅತ್ತೇಬಿಟ್ಟಳು. ಸ್ಕ್ರೂ ಮಾತ್ರ, ಕಳೆದುಹೋದ ಮಾನ ವಾಪಸ್ ಬಂದವನಂತೆ ಹಲ್ಲು ಕಿರಿಯುತ್ತಿದ್ದ. "ಅಂದ್ರೆ ನನ್ನ ಸ್ಕ್ರೂ ಗಟ್ಟಿಯಾಗೇ ಇತ್ತು!" ಅಂದ. ಅದನ್ನು ಕೇಳಿ ಅಳುತ್ತಿದ್ದವಳಿಗೂ ನಗು ಬಂತು. ಮೂಗೊರೆಸಿಕೊಂಡು ತಲೆಯೆತ್ತಿ, ಮೊದಲನೇ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದಳು.

"ಅಜ್ಜಿ, ನಿಮಗೆ ಏನು ಬೇಕು?"

"ನಿಮ್ಮಪ್ಪನ ಅಂಗಡಿ ಸ್ಟೂಲಿನ ಮೇಲೆ ಕೂರ್ಬೇಕು."

"ಅಷ್ಟೇನಾ?"

"ಅಷ್ಟೇನಾ ಅಂತೀಯಲ್ಲ! ಇಳಿದು ತೋರಿಸು ನೋಡೋಣ ಈ ಮಂಡಿ ಇಟ್ಕೊಂಡು."

ಇಳಿಯಲು ಆಗುವುದೇ ಇಲ್ಲ ಅಂತಿರಲಿಲ್ಲ. ಡಾಕ್ಟರು ನಡೆಯಬೇಡ ಅಂದಿರಲಿಲ್ಲ, ನಡುನಡುವೆ ಕೂತು ಕೂತು ನಡಿ ಅಂದಿದ್ದರು. ಆದರೆ ಆ ಮೆಟ್ಟಿಲಲ್ಲಿ ಕೂರಲು ಎಲ್ಲಿದೆ ಜಾಗ? ಕುರ್ಚಿ ಇಟ್ಟರೆ ಗ್ಯಾಸ್ ಸಿಲಿಂಡರ್ ಹೊತ್ತು ತರುವವನು ಮುಗ್ಗರಿಸುತ್ತಾನೆ. ಮಕ್ಕಳು ಮೂರು ಸಂಜೆ ಮೆಟ್ಟಿಲ ಮೇಲೇ ಕೂತು ಜಗಳವಾಡಿದರು. ಪ್ರತಿ ತಿರುವಿನ ಗೋಡೆಗೆ ಕೀಲು ಹಾಕಿದ ಹಲಗೆ ಬಡಿಯುವುದು, ಬೇಕಾದಾಗ ಇಳಿಸಿ ಕೂರುವುದು, ಎದ್ದರೆ ಅದು ತಾನೇ ಮಡಚಿ ಗೋಡೆಗೆ ಅಂಟಿಕೊಳ್ಳುವುದು ಅಂತ ತೀರ್ಮಾನವಾಯಿತು. ಹಾಗೆ ಮಡಚಿಕೊಳ್ಳುವ ಉಪಾಯ ಮೌನಿಯದು. ಅದನ್ನೂ ಅವನು ಬಾಯಲ್ಲಿ ಹೇಳಲಿಲ್ಲ, ಚಿತ್ರ ಬರೆದು ಕೊಟ್ಟ.

ಮನೆ ಮಾಲೀಕ ಎರಡನೇ ಮಹಡಿಯಿಂದಲೇ ಗುಡುಗಿದ. "ನನ್ನ ಗೋಡೆಗೆ ಒಂದು ತೂತು ಬಿದ್ರೂ ನೋಡಿ ಮತ್ತೆ!" ಮಕ್ಕಳು ಪೆಚ್ಚುಮೋರೆ ಹಾಕಿಕೊಂಡು ಮೇಲೆ ಬಂದರು. ಕಂಡಕ್ಟರಮ್ಮ ಮೆಟ್ಟಿಲ ತುದಿಗೆ ಬಂದು ನಿಂತು ಕೆಳಗೆ ಬಗ್ಗಿದಳು.

"ಸ್ವಾಮಿ, ನೀವು ಮಾರ್ಕೆಟ್ಟಿಂದ ಬರೋವಾಗ ಎರಡನೇ ತಿರುವಲ್ಲಿ ಚೀಲ ಇಟ್ಟು ಏದುಸಿರು ಬಿಡ್ತಾ ನಿಲ್ತೀರಲ್ಲ, ಯಾರಾದ್ರೂ ಬಂದ್ರೆ ಫೋನ್ ನೋಡೋ ಹಾಗೆ ನಟನೆ ಮಾಡ್ತೀರಲ್ಲ, ಆ ಶಬ್ದ ನಂಗೆ ಇಲ್ಲೀವರೆಗೂ ಕೇಳುತ್ತೆ. ಅಲ್ಲೊಂದು ಹಲಗೆ ಇದ್ರೆ ಚೆನ್ನಾಗಿರಲ್ವಾ?"

ಕೆಳಗಿನಿಂದ "ಎರಡನೇ ತಿರುವಿನದು ಸ್ವಲ್ಪ ಅಗಲವಾಗಿರ್ಲಿ," ಅನ್ನುವ ಮಾತು ಮೆಲ್ಲಗೆ ತೇಲಿಬಂತು.

ಹಲಗೆಗಳು ಬಂದವು. ಮಕ್ಕಳು ಅವಳನ್ನು ಕೈಹಿಡಿದು ಅಭ್ಯಾಸ ಮಾಡಿಸಿದರು. ಮೊದಲ ದಿನ ಮೇಲಿನ ತಿರುವಿಗಷ್ಟೇ ಹೋಗಿ ಕೂತು ಬಂದಳು. ಇನ್ನೊಂದು ದಿನ ಅದರ ಕೆಳಗಿನದಕ್ಕೆ. ಅಲ್ಲಿಗೇ ಭಯ ಕುತ್ತಿಗೆ ಹಿಡಿಯುತ್ತಿತ್ತು, ಹೋದ ವರ್ಷ ಸಿಕ್ಕಿಹಾಕಿಕೊಂಡಿದ್ದು ಅಲ್ಲೇ ತಾನೆ! "ಇವತ್ತಿಗೆ ಸಾಕು," ಅಂತ ಹಿಂದಿರುಗುವಳು. ಬಸ್ಸಿನಲ್ಲಿ ಯಾರಿಗೂ ಹೆದರದವಳು ಒಂದು ಮೆಟ್ಟಿಲಿಗೆ ಹೆದರುತ್ತಾಳಲ್ಲ ಅಂತ ತನ್ನ ಮೇಲೆ ತನಗೇ ಸಿಟ್ಟು. ಇತ್ತ, ಬುಟ್ಟಿಯ ಬದಲು ಹಲಗೆಯನ್ನೇ ಶಾಲೆಯ ಯೋಜನೆಯಾಗಿ ನೋಡಲು ಪರೀಕ್ಷಕರು ಬರುವ ದಿನ ಹತ್ತಿರವಾಯಿತು. ಇದು ಒಪ್ಪಿಗೆಯಾದರೆ ಬೀದಿಯ ಉಳಿದ ಕಟ್ಟಡಗಳಿಗೂ ಶಾಲೆಯವರೇ ಹಲಗೆ ಹಾಕಿಸುತ್ತಾರಂತೆ. ಆದರೆ ಯೋಜನೆಯಿಂದ ಉಪಯೋಗ ಪಡೆದವರು ಎದುರಿಗಿದ್ದು ಮಾತಾಡಲೇಬೇಕು, ಇಲ್ಲದಿದ್ದರೆ ಯೋಜನೆ ಅಪೂರ್ಣ ಅಂತ ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿದ್ದರು.

"ಅಜ್ಜಿ, ಮಧ್ಯಾಹ್ನ ಬರ್ತಾರೆ. ನೀವು ಮನೇಲೇ ಇರ್ಬೇಕು, ಆಯ್ತಾ?" ಅಂತ ಟೈಲರನ ಮಗಳು ಹತ್ತು ಸಲ ಹೇಳಿದಳು.

"ನಾನೆಲ್ಲಿಗೆ ಹೋಗ್ತೀನಿ ಪುಟ್ಟಿ? ಇಲ್ಲೇ ಬಿದ್ದಿರ್ತೀನಿ," ಅಂತ ಕಂಡಕ್ಟರಮ್ಮ ಮಾತು ಕೊಟ್ಟಳು.

ಆ ದಿನ ಬೆಳಿಗ್ಗೆ ಮಗಳು ಕೆಲಸಕ್ಕೆ ಹೋದಮೇಲೆ ಅವಳು ಒಳ್ಳೆ ಸೀರೆ ಉಟ್ಟು, ತಲೆ ಬಾಚಿಕೊಂಡು ಕೂತಳು. ಮಧ್ಯಾಹ್ನಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಪರೀಕ್ಷಕರ ಮುಂದೆ ಮಂಡಿ ಮುಷ್ಕರ ಹೂಡಬಾರದಲ್ಲ, ಒಂದು ತಿರುವು ಅಭ್ಯಾಸ ಮಾಡಿ ಬರೋಣ ಅಂತ ಬಾಗಿಲಿಗೆ ಬೀಗ ಹಾಕಿ ಹೊರಟಳು. ಮೊದಲ ಹಲಗೆಯ ಮೇಲೆ ಕೂತಳು. ಎದ್ದಳು. ಎರಡನೆಯದರಲ್ಲಿ ಕೂತಾಗ ಕೆಳಗಿನಿಂದ ಟೈಲರನ ಮಷಿನ್ನಿನ ಟರ್‍ರ್ ಅನ್ನುವ ಸದ್ದು ಕೇಳಿಸಿತು. ಯಾರೋ ಏನೋ ಹೇಳಿದರು, ಇನ್ಯಾರೋ ಗೊಳ್ಳನೆ ನಕ್ಕರು. ಏನು ತಮಾಷೆಯೋ! ಏನದು ಅಂತ ತಿಳಿಯದೆ ವಾಪಸ್ ಹತ್ತುವುದಾದರೂ ಹೇಗೆ? ಕೈಗಂಬಿ ಹಿಡಿದು ಇನ್ನೂ ಕೆಳಗಿಳಿದಳು. ಭಯದ ಆ ಮೆಟ್ಟಿಲು ಯಾವಾಗ ದಾಟಿತೋ ಅವಳಿಗೇ ತಿಳಿಯಲಿಲ್ಲ. ಮಾಲೀಕನ ಅಗಲದ ಹಲಗೆಯ ಮೇಲೆ ಕೂತಾಗ ಬೀದಿಯ ಬಿಸಿಲು ಕಾಣಿಸಿತು. ಮುಂದಿನದ್ದಕ್ಕೆಲ್ಲ ಅವಳು ಹೊಣೆಯಲ್ಲ, ಕಾಲುಗಳೇ ಹೊಣೆ.

ಟೈಲರ್ ಅವಳನ್ನು ನೋಡಿ ಬಟ್ಟೆಯ ಬದಲು ಬೆರಳಿಗೆ ಸೂಜಿ ಚುಚ್ಚಿಕೊಂಡ. "ಅಕ್ಕಾ! ನೀವಾ!" ತರಕಾರಿಯವಳು ಗಾಡಿ ಬಿಟ್ಟು ಓಡಿಬಂದು ತಬ್ಬಿಕೊಂಡಳು. ಕಂಡಕ್ಟರಮ್ಮ ಸ್ಟೂಲಿನ ಮೇಲೆ ಕೂತಳು. ಆಹಾ! ಎಷ್ಟು ತಗ್ಗು, ಎಷ್ಟು ಗಟ್ಟಿ, ಎಂಥ ಸುಖ! ಕಣ್ಣೀರು ಒರೆಸಿಕೊಂಡು ಮೊದಲು ಕೇಳಿದ್ದು, "ಆಗ ಯಾಕೆ ನಕ್ರಿ, ಅದನ್ನ ಮೊದಲು ಹೇಳಿ." ಹೇಳಿದರು. ಅಷ್ಟೇನೂ ದೊಡ್ಡ ತಮಾಷೆಯಲ್ಲ, ಆದರೂ ಅವಳು ಬಿದ್ದು ಬಿದ್ದು ನಕ್ಕಳು. ಕೂತಲ್ಲೇ ಒಂದು ಅಂಗಿಗೆ ಗುಂಡಿ ಹಾಕಿಕೊಟ್ಟಳು. ಹೋಗುವವರು ಬರುವವರನ್ನೆಲ್ಲ ನಿಲ್ಲಿಸಿ ವಿಚಾರಿಸಿದಳು. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ತಲೆಯೆತ್ತಿದಾಗ ಎದುರಿನ ಬಾಗಿಲಲ್ಲಿ ಮೇಷ್ಟ್ರು, ಇಬ್ಬರು ಪರೀಕ್ಷಕರು, ಹಿಂದೆ ಮೂವರು ಮಕ್ಕಳು ಒಳಗೆ ಹೋಗುತ್ತಿದ್ದರು. ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟರೇ? ಅಥವಾ ತಾನೇ ಹೊತ್ತು ಮರೆತಳೆ? ಕೂಗೋಣವೆಂದರೆ, ಅಷ್ಟು ದೊಡ್ಡ ಗಂಟಲು ಆ ಗಳಿಗೆಯಲ್ಲಿ ಒಣಗಿಹೋಗಿತ್ತು. ಎದ್ದು ಓಡೋಣವೆಂದರೆ ಈ ಮಂಡಿಗೆ ಓಟವೆ? ಮಾತು ಕೊಟ್ಟು ತಪ್ಪಿಸಿದೆನಲ್ಲ, ಮಕ್ಕಳ ಶ್ರಮ ನೀರಲ್ಲಿ ಹೋಮ ಮಾಡಿದೆನಲ್ಲ ಅಂತ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಚಿಕೆಯಿಂದ ನೇತುಹಾಕಿದ್ದ ಅಂಗಿಗಳ ಹಿಂದೆ ಸರಿದಳು. ಮೆಟ್ಟಿಲ ಕಿಟಕಿಗಳಲ್ಲಿ ಮೆರವಣಿಗೆ ಮೇಲೇರುವುದು ಕಾಣಿಸುತ್ತಿತ್ತು. ದಪ್ಪಗಿದ್ದ ಪರೀಕ್ಷಕಿ ಎರಡನೇ ತಿರುವಿನಲ್ಲಿ ಹಲಗೆ ಇಳಿಸಿಕೊಂಡು ಉಸ್ಸಪ್ಪಾ ಅಂತ ಕೂತದ್ದೂ ಕಂಡಿತು.

ಸ್ವಲ್ಪ ಹೊತ್ತಿಗೆ ಮೇಲೆ ಬಾಗಿಲು ಬಡಿಯುವ ಸದ್ದು. "ಅಜ್ಜಿ! ಅಜ್ಜೀ!" ಮತ್ತೆ ಬಡಿತ. ಬೀಗ ನೋಡಿದ ಮೇಲೆ ಸದ್ದು ನಿಂತಿತು. ಪರೀಕ್ಷಕಿಯ ದನಿ ಸ್ಪಷ್ಟವಾಗಿ ಕೇಳಿಸಿತು: "ಏನಮ್ಮಾ, ಕೆಳಗಿಳಿಯೋಕೆ ಆಗದ ಅಜ್ಜಿ ಅಂದ್ರಿ. ಅವರೇ ಇಲ್ಲವಲ್ಲ! ಇನ್ನು ಯಾರನ್ನ ಕೇಳೋದು?"

ಆಮೇಲೆ ಟೈಲರನ ಮಗಳ ಕೂಗು. ಅಳುವೋ ನಗುವೋ ಗೊತ್ತಾಗದ, ಕಂಡಕ್ಟರಮ್ಮನ ಗಂಟಲನ್ನೂ ಮೀರಿಸುವಂಥ ಕೂಗು.

"ಮನೇಲಿಲ್ಲ ಮೇಡಂ! ಅಜ್ಜಿ ಮನೇಲಿಲ್ಲ! ಹೋಗಿಬಿಟ್ಟಿದಾರೆ, ಒಬ್ಬರೇ ಹೋಗಿಬಿಟ್ಟಿದಾರೆ!"

ಮೂವರೂ ಧಡಧಡ ಇಳಿದು ಬಂದು ಅಂಗಿಗಳ ನಡುವಿನಿಂದ ಅವಳನ್ನು ಹುಡುಕಿ ತೆಗೆದರು. ಸ್ಕ್ರೂ ಕುಣಿಯುತ್ತಿದ್ದ. ಮೌನಿ ಅವಳ ಎರಡೂ ಕೈ ಹಿಡಿದುಕೊಂಡು ಯಾವತ್ತೂ ಆಡದಷ್ಟು ಮಾತಾಡುತ್ತಿದ್ದ, ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಪರೀಕ್ಷಕಿ ಕೆಂಪಾದ ಮುಖ ಒರೆಸಿಕೊಳ್ಳುತ್ತಾ ಹಿಂದಿನಿಂದ ಬಂದರು.

"ಮನೇಲೇ ಇರ್ತೀನಿ ಅಂತ ಮಾತು ಕೊಟ್ಟಿದ್ರಂತೆ?"

"ಕೊಟ್ಟಿದ್ದೆ ತಾಯಿ," ಅಂದಳು ಕಂಡಕ್ಟರಮ್ಮ ತಲೆ ತಗ್ಗಿಸಿ. "ತಪ್ಪಾಯ್ತು. ಏನೋ ನಗು ಕೇಳಿಸ್ತು, ಇಳಿದುಬಿಟ್ಟೆ."

ಪರೀಕ್ಷಕಿ ಮೇಷ್ಟ್ರ ಮುಖ ನೋಡಿದರು, ಮಕ್ಕಳ ಮುಖ ನೋಡಿದರು. ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿ ಚೀಲಕ್ಕೆ ಸೇರಿಸಿದರು. "ನನ್ನ ಪ್ರಶ್ನೆಗಳೆಲ್ಲ ಮುಗಿದವು," ಅಂದರು. "ಈ ಹಲಗೆ ಈ ಬೀದಿಯ ಎಲ್ಲ ಮೆಟ್ಟಿಲಿಗೂ ಬರ್ಬೇಕು ಅಂತ ಬರೀತೀನಿ. ಅಮ್ಮಾ, ನೀವು ಬೇಕಾದ್ರೆ ಇನ್ನು ಮೇಲೆ ಹೋಗಿ ವಿಶ್ರಾಂತಿ ತಗೊಳ್ಳಿ."

"ಮೇಲೆ ಹೋಗೋದಾ?" ಕಂಡಕ್ಟರಮ್ಮ ಟೈಲರನ ಮಗಳ ಹೆಗಲು ಹಿಡಿದು ಎದ್ದು, ಬೀದಿಯ ತಿರುವಿನ ಕಡೆ ಮುಖ ಮಾಡಿದಳು. "ಚೆನ್ನಾಗಿ ಹೇಳಿದ್ರಿ! ಆ ಮೂಲೆ ಆಚೆಗೆ ಯಾರ್‍ಯಾರು ಇದಾರೆ ಅಂತ ನಾನಿನ್ನೂ ನೋಡೇ ಇಲ್ಲ."